ಬೆನ್ನ ಹಿಂದಿನ ಹೆಸರು

ನಮ್ಮ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ, ಹಳ್ಳಿಗಳ ಕ್ರಾಸುಗಳಲ್ಲಿ, ಎಲ್ಲೋ ಒಂದು ಬೇವಿನ ಬುಡದಲ್ಲಿ ಇಟ್ಟಿರುವ ಸಿಮೆಂಟ್ ಬೆಂಚುಗಳಲ್ಲಿ ಒಂದು ದೋಷವಿದೆ. ಅದನ್ನು ಇದುವರೆಗೆ ಯಾರೂ ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ. ತೀರಿಹೋದವರ ನೆನಪಿಗೆಂದು ಮನೆಯವರು ಮಾಡಿಸಿಟ್ಟ ಬೆಂಚುಗಳಿವು, ಆದ್ದರಿಂದ ಒಂದೊಂದರ ಮೇಲೂ ಒಂದು ಹೆಸರಿರುತ್ತದೆ. ಆ ಹೆಸರನ್ನು ಮಾತ್ರ ಬೆನ್ನು ಆನಿಸುವ ಹಲಗೆಯ ನಟ್ಟನಡುವೆ, ಕುಳಿತವನ ಬೆನ್ನು ಸರಿಯಾಗಿ ಎಲ್ಲಿ ತಾಗುತ್ತದೋ ಅಲ್ಲೇ ಮೂಡಿಸುತ್ತಾರೆ. ಹೀಗಾಗಿ ಯಾರಾದರೂ ಕುಳಿತರೆ ಹೆಸರು ಕಾಣುವುದಿಲ್ಲ. ಹೆಸರು ಕಾಣುತ್ತಿದೆಯೆಂದರೆ ಬೆಂಚು ಖಾಲಿಯಿದೆಯೆಂದು ಅರ್ಥ. ಸಾಲದ್ದಕ್ಕೆ, ಅಕ್ಷರಗಳನ್ನು ಅಚ್ಚಿನಲ್ಲೇ ಕೂಡಿಸಿ ಎರಕ ಹೊಯ್ಯುವುದರಿಂದ ಅವು ಉಬ್ಬಿಕೊಂಡು ನಿಂತಿರುತ್ತವೆ, ಬಸ್ಸು ತಡವಾದಷ್ಟೂ ಬೆನ್ನಿಗೆ ಒತ್ತುತ್ತವೆ.

ಈ ದೋಷದ ಮೇಲೆ ನನಗೆ ಹಳೆಯ ಸಿಟ್ಟೂ ಇದೆ. ಮದುವೆಯಾದ ಹೊಸತರಲ್ಲಿ ಬಸವನ ಬಾಗೇವಾಡಿಯ ನಿಲ್ದಾಣದಲ್ಲಿ ಆಗತಾನೆ ಬಣ್ಣ ಬಳಿದ ಬೆಂಚಿಗೆ ಒರಗಿ ಕುಳಿತು, ಬಿಳಿ ಅಂಗಿಯ ಬೆನ್ನಿನ ಮೇಲೆ ಹಸಿರು ಬಣ್ಣದಲ್ಲಿ ‘ಸ್ಮರಣಾರ್ಥ’ ಎಂಬ ಶಬ್ದವನ್ನು ತಿರುವುಮುರುವಾಗಿ ಹೊತ್ತುಕೊಂಡು ಮನೆಗೆ ಬಂದಿದ್ದೆ. ದಾರಿಯುದ್ದಕ್ಕೂ ಜನ ನನ್ನನ್ನು ಗೌರವದಿಂದ ನೋಡುತ್ತಿದ್ದಾರೆಂದೇ ತಿಳಿದಿದ್ದೆ. ನನ್ನ ಹೆಂಡತಿ ಇಂದುಮತಿ ಅದನ್ನು ಕನ್ನಡಿಯಲ್ಲಿ ಹಿಡಿದು ಓದಿ, “ಸ್ಮರಣಾರ್ಥ ಅಂತ ಬರಸ್ಕೊಂಡು ಬಂದೀರಲ್ಲ, ನನಗೊಂದು ಮಾತು ಹೇಳದನ ಹೋಗಿಬಿಟ್ರೇನು?” ಎಂದು ನಕ್ಕಿದ್ದಳು. ನಕ್ಕಿದ್ದಳು ಎಂದು ನಾನು ನೆನೆಯುತ್ತೇನೆ. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ‘ಅಂಗಿ ಕೆಟ್ಟಿತು’ ಎಂಬ ಎರಡೇ ಶಬ್ದ. ಆ ಮಾತನ್ನು ಅವಳೇ ಆಡಿದಳೋ, ಅವಳು ಆಡಬಹುದಾಗಿದ್ದ ಮಾತೆಂದು ನಾನು ಆಮೇಲೆ ಸೇರಿಸಿಕೊಂಡೆನೋ ಈಗ ಹೇಳಲಾರೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿ, ಬರೆದದ್ದನ್ನು ನಂಬಬೇಕು, ಹೇಳಿದ್ದನ್ನು ಅನುಮಾನಿಸಬೇಕು ಎಂಬ ಪಾಠ ಕಲಿತು ಬಂದವನು ನಾನು. ಆದರೆ ಬರೆದವನೂ ಹೇಳುವವನೂ ಒಬ್ಬನೇ ಆದಾಗ ಏನು ಮಾಡಬೇಕೆಂದು ಅಲ್ಲಿ ಯಾರೂ ಕಲಿಸಲಿಲ್ಲ.

ಇಂದುಮತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಆಗ ಮಗಳು ಮೇಧಾಳಿಗೆ ಐದು ವರ್ಷ, ಮಗ ಶ್ರೀಪಾದನಿಗೆ ಎರಡು. ನಾವು ಬಾಗೇವಾಡಿಯಲ್ಲಿದ್ದೆವು, ನಾನು ನಿಡಗುಂದಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವಳು ಅದೇ ದಾರಿಯ ನಡುವಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಸಂಜೆ ಶಾಲೆ ಬಿಟ್ಟ ಮೇಲೆ ಕ್ರಾಸಿಗೆ ನಡೆದು ಬಂದು, ಕೂಡಲು ಒಂದು ಕಲ್ಲೂ ಇಲ್ಲದ ಆ ಜಾಗದಲ್ಲಿ ನಿಂತು ನಾನು ಬರುವ ಬಸ್ಸಿಗೇ ಕಾಯುತ್ತಿದ್ದಳು. ನಾನು ನಿಡಗುಂದಿಯಲ್ಲೇ ಕಿಟಕಿಯ ಬದಿಯ ಸೀಟಿನ ಮೇಲೆ ಕರವಸ್ತ್ರ ಹಾಸಿ ಅವಳಿಗಾಗಿ ಹಿಡಿದಿಡುತ್ತಿದ್ದೆ. ನಮ್ಮ ಕಡೆ ಬಸ್ಸಿನಲ್ಲಿ ಕರವಸ್ತ್ರಕ್ಕಿರುವ ಹಕ್ಕು ನ್ಯಾಯಾಲಯದ ದಾಖಲೆಗೂ ಇಲ್ಲ. ಅವಳು ಹೋದ ಮೇಲೆ ಆ ಕ್ರಾಸಿಗೊಂದು ಬೆಂಚು ಮಾಡಿಸಿ ಕೊಟ್ಟೆ. ಎರಡು ತಿಂಗಳಲ್ಲಿ ಇಂಡಿಗೆ ವರ್ಗವಾಯಿತು. ಮತ್ತೆ ಆ ಕಡೆ ಹೋಗಲಿಲ್ಲ.

ಇದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ತೊಂದರೆಯಾದದ್ದು ಮೇಧಾ ಶಾಲೆಯಲ್ಲಿ ‘ನನ್ನ ತಾಯಿ’ ಎಂಬ ನಿಬಂಧ ಬರೆದಾಗ. ಬಸ್ಸಿಗಾಗಿ ನಿಂತು ನಿಂತು ಕಾಯುತ್ತಿದ್ದ ತಾಯಿಯ ಹೆಸರಿನಲ್ಲಿ ಒಂದು ಬೆಂಚಿದೆ ಎಂದು ಅವಳು ಬರೆದದ್ದನ್ನು ಕೇಳಿ, ಪಕ್ಕದ ಹುಡುಗಿ ಅದೆಲ್ಲ ಸುಳ್ಳು ಎಂದಳಂತೆ. ಮೇಧಾ ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ನನ್ನೆದುರು ನಿಂತಳು.

“ಆಯಿ ಬೆಂಚು ಖರೇನ ಅದ ಏನು?”

ನಮ್ಮ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ತಾಯಿಯನ್ನು ಆಯಿ ಎನ್ನುವುದು ರೂಢಿ. ಅದ, ಎಂದೆ.

“ನೀ ನೋಡೀಯೇನು?”

ನೋಡಿದ್ದೇನೆ ಎಂದೆ. ಯಾವಾಗ ಎಂದು ಕೇಳಿದಳು. ನಾನು ಕನ್ನಡಕ ಒರೆಸಿಕೊಂಡೆ. ಮೇಧಾ ಬಹಳ ದಿನಗಳಿಂದ ನನ್ನ ಹೇಳಿಕೆಗಳನ್ನು ಕೂಡಿಡುತ್ತಿದ್ದಾಳೆ: ಕ್ರಾಸಿನಲ್ಲಿ ಕಾಯುತ್ತಿದ್ದ ಆಯಿಯ ಸೀರೆಯ ಬಣ್ಣ ಒಮ್ಮೆ ನೀಲಿ, ಒಮ್ಮೆ ಹಸಿರು, ಒಮ್ಮೆ ‘ಅದೇ, ಒಂಥರಾ ಬಣ್ಣ’. ಫೋಟೋಗಳಲ್ಲಿ ನೀಲಿ ಸೀರೆ ಒಂದೂ ಇಲ್ಲವೆಂದು ಅವಳು ಪತ್ತೆ ಹಚ್ಚಿದ್ದಾಳೆ. ತಾಯಿಯ ಬಗ್ಗೆ ಅವಳಿಗಿರುವುದು ಐದು ವರ್ಷದ ಮಗುವಿನ ನಾಲ್ಕಾರು ತುಣುಕು, ಶ್ರೀಪಾದನಿಗೆ ಅದೂ ಇಲ್ಲ. ಉಳಿದದ್ದನ್ನೆಲ್ಲ ಅವರು ನನ್ನಿಂದಲೇ ಪಡೆಯಬೇಕು. ಬೆಂಚೂ ಸುಳ್ಳಾದರೆ ಅವರು ನನ್ನ ಯಾವ ಮಾತನ್ನು ನಂಬಿ ತಾಯಿಯನ್ನು ಕಟ್ಟಿಕೊಳ್ಳಬೇಕು? ಆ ರಾತ್ರಿಯೇ ಹಳೆಯ ದಿನಚರಿ ತೆಗೆದೆ. ‘ಬೆಂಚು ಇಡಿಸಿದೆ. ಬಿಸಿಲು ಬಹಳ’ ಎಂದಷ್ಟೇ ಇತ್ತು. ಎಲ್ಲಿ ಎಂದು ಬರೆದಿರಲಿಲ್ಲ. ಕ್ರಾಸು, ಪಕ್ಕದಲ್ಲೊಂದು ದೊಡ್ಡ ಬೇವಿನ ಗಿಡ, ಅದರ ನೆರಳಲ್ಲಿ ಹಸಿ ಸಿಮೆಂಟಿನ ವಾಸನೆಯ ಬೆಂಚು: ಇಷ್ಟು ನನ್ನ ಕಣ್ಣಿಗೆ ಕಟ್ಟಿದಂತಿತ್ತು, ಅದನ್ನೇ ನಂಬಿದೆ.

ದಸರೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟೆ. ಬೆಂಚು ನೋಡಲು ಹೋಗುತ್ತೇವೆಂದು ಹೇಳುವ ಧೈರ್ಯವಾಗದೆ, ದಾರಿ ಬದಿಯ ಚಮತ್ಕಾರಗಳನ್ನು ನೋಡುವ ಪ್ರವಾಸ ಎಂದು ಹೆಸರಿಟ್ಟೆ. ಒಂದು ವೇಳೆ ಬೆಂಚು ಇಲ್ಲದಿದ್ದರೆ ಚಮತ್ಕಾರಗಳಾದರೂ ಲೆಕ್ಕಕ್ಕಿರಲಿ ಎಂಬ ಹೇಡಿತನ ಅದು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಾರು ಕಲಿತವನು ನಾನು. ನನ್ನ ವೇಗಕ್ಕೆ ದಾರಿ ಬದಿಯ ಯಾವ ವಸ್ತುವೂ ಕಣ್ತಪ್ಪಿ ಹೋಗುವ ಸಂಭವವೇ ಇರಲಿಲ್ಲ. ಇಂಡಿ ದಾಟುವಷ್ಟರಲ್ಲಿ ಎರಡು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿದವು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು, ಅವರ ನಡುವೆ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ. ನನ್ನ ಪಕ್ಕದ ಸೀಟು ಖಾಲಿ. ಹೊರಡುವಾಗ ಅಲ್ಲಿ ಕರವಸ್ತ್ರ ಇಟ್ಟಿದ್ದೆ. ಮುಖ ಒರೆಸಿಕೊಳ್ಳಲೆಂದೇ ಇಟ್ಟದ್ದು, ಬೇರೇನಲ್ಲ.

ಊರ ಹೊರಗಿನ ತೋಟವೊಂದರ ಹೆಬ್ಬಾಗಿಲ ಮೇಲೆ ಎಮ್ಮೆಯ ಗಾತ್ರದ ಸಿಮೆಂಟ್ ಲಿಂಬೆಹಣ್ಣಿದೆ. ಇಂಡಿಯ ಲಿಂಬೆಗೆ ತಕ್ಕ ಗೌರವ ಎಂದು ಅದರ ಮಹಿಮೆಯನ್ನು ಬಣ್ಣಿಸುತ್ತ ಕಾರು ನಿಲ್ಲಿಸಿದೆ. ಶ್ರೀಪಾದ ಕುತ್ತಿಗೆ ಎತ್ತಿ ಬಹಳ ಹೊತ್ತು ನೋಡಿ, “ಇದು ತತ್ತಿ,” ಎಂದು ತೀರ್ಪು ಕೊಟ್ಟ. ಬಿಸಿಲಿಗೆ ಹಳದಿಯೆಲ್ಲ ಇಳಿದು ಅದು ಬೆಳ್ಳಗಾಗಿತ್ತು. ಒಳಗೆ ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲೀಕರು ಗುದ್ದಲಿ ಹಿಡಿದುಕೊಂಡೇ ಬಂದರು.

“ಲಿಂಬಿಹಣ್ಣೋ ತಮ್ಮಾ ಅದು! ಬಣ್ಣ ಹೋಗೇತಿ ಅಷ್ಟ. ಹಾದಿ ಹಿಡದ ಹೊಂಟಾವ್ರೆಲ್ಲ ತತ್ತಿ, ತತ್ತಿ ಅಂತಾರ. ಮೊನ್ನಿ ಒಬ್ಬಾಂವ ಬಂದು, ಕೋಳಿ ಫಾರಂ ಏನ್ರಿ ಅಂದ.”

“ಹಳದಿ ಹಚ್ರಿ ಮತ್ತ,” ಎಂದ ಶ್ರೀಪಾದ.

“ಹಚ್ಚೋಣಂತ. ನೀ ಬರೂ ವರ್ಷ ಬಂದ ನೋಡು,” ಎಂದು ಅವರು ಅವನ ಎರಡು ಕಿಸೆಗೂ ನಿಜವಾದ ಲಿಂಬೆಹಣ್ಣು ತುಂಬಿದರು.

ಸಾಲೋಟಗಿ ಹಾಯುವಾಗ ಅಲ್ಲಿಯ ಹಳೆಯ ಶಾಸನದ ಕಥೆ ಹೇಳಿದೆ. ಓದುವ ಹುಡುಗರಿಗಾಗಿ ಯಾರೋ ಕೊಟ್ಟ ದಾನ, ಅದನ್ನು ಕೊಟ್ಟವರ ಹೆಸರು ಸಾವಿರ ವರ್ಷದಿಂದ ಕಲ್ಲಿನಲ್ಲಿ ಉಳಿದುಬಂದ ಬಗೆ, ಇತ್ಯಾದಿ. ತರಗತಿಯಲ್ಲಿ ಈ ಪಾಠಕ್ಕೆ ಕೊನೆಯ ಬೆಂಚು ನಿದ್ದೆ ಹೋಗುತ್ತದೆ. ಮೇಧಾ ನಿದ್ದೆ ಹೋಗಲಿಲ್ಲ. “ಅದರ ಮ್ಯಾಲೆ ಯಾರೂ ಕೂಡೂದಿಲ್ಲಲ್ಲ, ಅದಕ್ಕ ಉಳದದ,” ಎಂದಳು. ಬೆಂಚೆಂಬ ಶಬ್ದವನ್ನು ನಾನಾಗಲಿ ಅವಳಾಗಲಿ ಆಡಲಿಲ್ಲ. ಆದರೆ ಅಲ್ಲಿಂದ ಮುಂದೆ ಮಕ್ಕಳಿಬ್ಬರೂ ದಾರಿಯ ಪ್ರತಿ ನಿಲ್ದಾಣದಲ್ಲಿ ಖಾಲಿ ಬೆಂಚುಗಳ ಹೆಸರುಗಳನ್ನು ಓದತೊಡಗಿದರು. ಶ್ರೀಪಾದ ಈಗಷ್ಟೇ ಕೂಡಿಸಿ ಓದುವುದನ್ನು ಕಲಿತವನು, ಒತ್ತಕ್ಷರ ಬಂದರೆ ಏದುಸಿರು ಬಿಡುತ್ತಾನೆ. ಅವನಿಗಾಗಿ ಕಾರನ್ನು ಇನ್ನೂ ನಿಧಾನ ಮಾಡಿದೆ. ಗುರುಪಾದಪ್ಪ, ನೀಲಮ್ಮ, ಹುಸೇನಸಾಬ, ಮತ್ತೊಬ್ಬ ನೀಲಮ್ಮ. ಯಾರ ಮನೆಯ ಯಾರೋ. ಅವರನ್ನು ಒಬ್ಬೊಬ್ಬರನ್ನಾಗಿ ಗಟ್ಟಿಯಾಗಿ ಕರೆಯುತ್ತ ಒಂದು ಮಗುವಿನ ದನಿ ಬಯಲ ನಡುವೆ ಸಾಗುತ್ತಿತ್ತು. ಎರಡೂ ಬದಿಗೆ ತೊಗರಿ ಹೂಬಿಟ್ಟಿತ್ತು. ಇಷ್ಟೊಂದು ಖಾಲಿ ಬೆಂಚುಗಳನ್ನು ನಾನು ಹಿಂದೆಂದೂ ಗಮನಿಸಿರಲಿಲ್ಲ.

ಸಿಂದಗಿಯಲ್ಲಿ ಭಜಿ ತಿನ್ನಲು ಕುಳಿತೆವು. ಎದುರಿನ ಬೆಂಚಿನಲ್ಲಿ ಒಂದು ದೊಡ್ಡ ಕುಟುಂಬ. ಅವರ ಗದ್ದಲದಲ್ಲಿ ನಮ್ಮ ಮೂವರ ಮೌನ ಎದ್ದು ಕಾಣುತ್ತಿತ್ತೆಂದು ತೋರುತ್ತದೆ. ಆ ಮನೆಯ ಹೆಣ್ಣುಮಗಳೊಬ್ಬಳು ಶ್ರೀಪಾದನ ಗದ್ದಕ್ಕೆ ಹತ್ತಿದ ಚಟ್ನಿಯನ್ನು ತನ್ನ ಸೆರಗಿನಿಂದಲೇ ಒರೆಸಿ, “ಹುಡುಗರ ಅವ್ವ ಬಂದಿಲ್ಲೇನ್ರಿ?” ಎಂದಳು. “ಇಲ್ರಿ, ಬಂದಿಲ್ಲ,” ಎಂದೆ. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೇಧಾ ಭಜಿ ಕಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು; ನನ್ನ ಹೇಳಿಕೆಗಳ ಸಂಗ್ರಹಕ್ಕೆ ಇನ್ನೊಂದು ಸೇರಿತು.

ಅಲ್ಲಿಂದ ದೇವರ ಹಿಪ್ಪರಗಿಯ ಕಡೆಗೆ ಸ್ವಲ್ಪ ದೂರ ಹೋದರೆ, ಮಾಳಿಗೆಯ ಮೇಲೆ ಸಿಮೆಂಟಿನ ವಿಮಾನವೊಂದು ಇಳಿದು ಕುಳಿತಿರುವ ಮನೆ ಸಿಗುತ್ತದೆ. ರೆಕ್ಕೆಗಳಿಗೆ ಕೆಂಪು ಪಟ್ಟಿ, ಕಿಟಕಿಗಳಲ್ಲಿ ಬಣ್ಣದಿಂದ ಬರೆದ ಪ್ರಯಾಣಿಕರು, ಎಲ್ಲರಿಗೂ ದಪ್ಪ ಮೀಸೆ. ಅದು ಆ ಮನೆಯ ನೀರಿನ ಟಾಕಿ. ಬಾಲದ ಕೆಳಗೆ ನಲ್ಲಿಯಿದೆ. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಮನೆಯೊಡತಿ ನಮ್ಮ ಕಾರು ನಿಂತ ರೀತಿಯಿಂದಲೇ ಎಲ್ಲ ತಿಳಿದುಕೊಂಡು ಕರೆದಳು.

“ಇಮಾನ ನೋಡಾಕ ಬಂದೀರೇನ್ರಿ? ಬರ್ರಿ, ಬರ್ರಿ. ಮ್ಯಾಲ ಹೋಗಿ ಸನೇದಿಂದ ನೋಡ್ರಿ. ಹತ್ತ ವರ್ಷ ಆತು, ಇನ್ನೂ ಹಾರವಲ್ದು. ಸೋರೂದು ಮಾತ್ರ ದಿನಾ ಸೋರತೈತಿ.”

ಕಟ್ಟೆಯ ಮೇಲೆ ಕುಳಿತ ಗಂಡ ತಲೆಯೆತ್ತದೆ, “ಹಾರಿದ್ರ ನೀ ನೀರಿಗಿ ಎಲ್ಲಿ ಹೊಕ್ಕಿದ್ದಿ?” ಎಂದ.

“ಊರ ಬಾವಿಗಿ ಹೊಕ್ಕಿದ್ನಿ. ನಾಕ ಮಂದಿ ಜೋಡಿ ಮಾತಾರ ಆಡ್ತಿದ್ನಿ. ನಿನ್ನ ಮಾರಿ ನೋಡೂದು ತಪ್ಪತಿತ್ತು.”

ಮಕ್ಕಳು ಮೇಲೆ ಹತ್ತಿ ರೆಕ್ಕೆಯ ನೆರಳಲ್ಲಿ ಓಡಾಡುತ್ತಿದ್ದರು. ನಾನು ಅವರ ಚಹಾ ಕುಡಿಯುತ್ತ, ಗಂಡಹೆಂಡಿರು ಹತ್ತು ವರ್ಷದಿಂದ ಆಡುತ್ತ ಬಂದಿರಬಹುದಾದ ಆ ಜಗಳವನ್ನು, ಹಸಿದವನು ಪಕ್ಕದ ಮನೆಯ ಒಗ್ಗರಣೆಯ ವಾಸನೆ ಹಿಡಿದಂತೆ ಕೇಳಿಸಿಕೊಂಡೆ. ಇಂಥ ಜಗಳ ನಮ್ಮಿಬ್ಬರದೂ ಒಂದು ಇದ್ದಿರಬೇಕು. ಎಷ್ಟು ಯೋಚಿಸಿದರೂ ಅದರ ವಿಷಯ ಏನಿತ್ತೆಂದು ನೆನಪಾಗಲಿಲ್ಲ. ಹೊರಡುವಾಗ ವಿಮಾನ ಮಾಡಿದವರು ಯಾರೆಂದು ಮೇಧಾ ವಿಚಾರಿಸಿಕೊಂಡಳು. “ಬಾಗೇವಾಡಿ ಗುರುಬಸಪ್ಪ,” ಎಂದ ಯಜಮಾನ, “ಸಿಮಿಟಿನ್ಯಾಗ ಏನ ಹೇಳಿದ್ರೂ ಮಾಡಿ ಕೊಡ್ತಾನವಾ. ಒಮ್ಮಿ ಮಾಡಿದ್ದು ಮರಿಯಾಂಗಿಲ್ಲ.”

ಮುದ್ದೇಬಿಹಾಳದ ದಾರಿಯಲ್ಲಿ ಕಂಡ ಚಮತ್ಕಾರ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಆಲದ ಮರವೊಂದು ತನ್ನ ಬುಡಕ್ಕೆ ಒತ್ತಿ ನಿಂತಿದ್ದ ಕಿಲೋಮೀಟರ್ ಕಲ್ಲನ್ನು ಬೇರಿನಿಂದ ತಬ್ಬಿ ತಬ್ಬಿ ಅರ್ಧ ಒಳಗೆ ಎಳೆದುಕೊಂಡಿತ್ತು. ‘ಮುದ್ದೇಬಿ’ ಎನ್ನುವಷ್ಟು ಹೊರಗಿತ್ತು, ‘ಹಾಳ’ವೂ ಅಂಕಿಯೂ ಮರದ ಹೊಟ್ಟೆಯಲ್ಲಿದ್ದವು. ಮನೆಯ ‘ಅದ’ ಬಿಟ್ಟು ಶಾಲೆಯ ಗೆಳೆಯರಿಂದ ‘ಐತಿ’ ಕಲಿತುಕೊಂಡಿರುವ ಶ್ರೀಪಾದ, “ಗಿಡಾ ಊರ ನುಂಗಾಕತ್ತೈತಿ!” ಎಂದು ಕುಣಿದ. ಇಡೀ ಪ್ರವಾಸದಲ್ಲಿ ಅವನಿಗೆ ಅತ್ಯಂತ ಹಿಡಿಸಿದ್ದು ಅದೇ. ನನಗೆ ಮಾತ್ರ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಊರು ಎಷ್ಟು ದೂರ ಉಳಿಯಿತೆಂದು ಆ ಕಲ್ಲಿಗೆ ಇನ್ನೂ ಗೊತ್ತಿದೆ, ಆದರೆ ಹೇಳುವ ಹಾಗಿಲ್ಲ.

ನಿಡಗುಂದಿ ದಾಟಿ ಆ ಕ್ರಾಸಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಇನ್ನೂ ಹತ್ತಿರವಾಗುವ ಮೊದಲೇ ನನಗೆ ಗೊತ್ತಾಯಿತು. ರಸ್ತೆ ಅಗಲವಾಗಿತ್ತು, ಬಿಸಿಲು ಬಯಲಾಗಿ ಬಿದ್ದಿತ್ತು. ಬೇವಿನ ಗಿಡವೂ ಇಲ್ಲ, ಬೆಂಚೂ ಇಲ್ಲ. ನಾಲ್ಕು ಜನ ನಿಂತುಕೊಂಡೇ ಬಸ್ಸಿಗೆ ಕಾಯುತ್ತಿದ್ದರು. ಪಂಕ್ಚರ್ ಅಂಗಡಿಯವನನ್ನು ಕೇಳಿದೆ.

“ಬೆಂಚ? ಇಲ್ಲಿ? ನಾ ಈ ಅಂಗಡಿ ಹಾಕಿ ಎಂಟ ವರ್ಷ ಆತ್ರಿ. ಇಲ್ಲಿ ಬೆಂಚ ಇದ್ದಿದ್ದಽ ಇಲ್ಲ.”

ರಸ್ತೆ ಅಗಲ ಮಾಡುವಾಗ ತೆಗೆದಿರಬೇಕು, ಇಲ್ಲೊಂದು ದೊಡ್ಡ ಬೇವಿನ ಗಿಡವಿತ್ತು, ಅದರ ಕೆಳಗೇ ಇತ್ತು ಎಂದು ನಾನು ವಾದಿಸಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆಗಳನ್ನೇ ನೋಡುತ್ತ, “ಬೇವಿನ ಗಿಡಾ ಇದ್ದಿದ್ರ ನಾ ಯಾಕ ಈ ತಗಡಿನ ಬುಡಕ ಬೇಯ್ತಿದ್ನಿರಿ, ಸರ?” ಎಂದ.

ಕಾರಿಗೆ ಹಿಂದಿರುಗಿ ಸ್ಟಿಯರಿಂಗ್ ಹಿಡಿದು ಕುಳಿತೆ. ಏನಾದರೊಂದು ಕಥೆ ಕಟ್ಟಬೇಕಿತ್ತು, ಅಭ್ಯಾಸವೂ ಇತ್ತು. ಅಷ್ಟರಲ್ಲಿ ಹಿಂದಿನಿಂದ ಮೇಧಾ, “ನಾವು ಬೆಂಚು ನೋಡ್ಲಿಕ್ಕೆ ಬಂದದ್ದು ನನಗ ಮುಂಜಾನೆನ ಗೊತ್ತಿತ್ತು,” ಎಂದಳು.

“ಹೆಂಗ?”

“ಲಿಂಬಿಹಣ್ಣು ನೋಡ್ಲಿಕ್ಕೆ ಯಾರು ಇಸ್ತ್ರಿ ಮಾಡಿದ ಅಂಗಿ ಹಾಕ್ಕೋತಾರ?”

ನಾನು ನನ್ನ ಬಿಳಿ ಅಂಗಿಯನ್ನು ನೋಡಿಕೊಂಡೆ. ಅವಳು ಅಳುತ್ತಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಕೊನೆಗೆ ಅವಳೇ ದಾರಿ ತೋರಿಸಿದಳು: “ಆ ವಿಮಾನ ಮಾಡಿದಾವ್ರನ್ನ ಕೇಳೋಣ. ವಿಮಾನ ಮಾಡಾವ್ರು ಬೆಂಚೂ ಮಾಡ್ತಿರಬೇಕು.” ಬೆಂಚು ಮಾಡಿಕೊಟ್ಟವನ ಹುಬ್ಬಿಗೆ ಸಿಮೆಂಟು ಮೆತ್ತಿತ್ತು ಎಂಬುದೊಂದೇ ನನಗೆ ನೆನಪಿದ್ದದ್ದು. ಆ ನೆನಪನ್ನು ಹಿಡಿದು ಹೋದರೆ ಬಾಗೇವಾಡಿಯ ಅರ್ಧ ಗೌಂಡಿಗಳನ್ನು ನಿಲ್ಲಿಸಿ ನೋಡಬೇಕಾಗುತ್ತಿತ್ತು. ಮಗಳ ಮಾತೇ ಸರಿಯೆನಿಸಿತು.

ಗುರುಬಸಪ್ಪನ ಕಾರಖಾನೆ ಬಾಗೇವಾಡಿಯ ಅಂಚಿನಲ್ಲಿ ಒಂದು ಬಯಲು. ದನಗಳ ಗೋದಲಿ, ತುಳಸಿಕಟ್ಟೆ, ಹಲ್ಲು ಕಿಸಿದ ಸಿಂಹಗಳು, ಇನ್ನೂ ಹೆಸರಿಲ್ಲದ ಬೆಂಚುಗಳ ಸಾಲು. ಆ ಬೆಂಚುಗಳು ಯಾರಿಗಾಗಿ ಕಾದಿವೆ ಎಂದು ಯೋಚಿಸದಿರಲು ಪ್ರಯತ್ನಪಟ್ಟೆ. ಅವನ ಹುಬ್ಬಿಗೆ ಸಿಮೆಂಟು ಮೆತ್ತಿತ್ತು. ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಕೈ ಒರೆಸಿಕೊಳ್ಳುತ್ತ ಬಂದ.

“ಇಂದುಮತಿ ಟೀಚರ ಬೆಂಚ ಅಲ್ಲೇನ್ರಿ ನಿಮ್ಮದು?”

ಹೌದು, ಕ್ರಾಸಿನಲ್ಲಿ ಅದು ಕಾಣುತ್ತಿಲ್ಲ, ಎಂದೆ.

“ಕ್ರಾಸಿಗಿ ಹೋಗೇ ಇಲ್ಲಲ್ರಿ ಅದು! ಟ್ರ್ಯಾಕ್ಟರ್‌ದಾಗ ಏರಿಸಿದ ಮ್ಯಾಲ ನೀವಽ ನಿಲ್ಲಿಸಿದ್ರಿ. ಮರತ್ರೇನು? ‘ನಾ ದಿನಾ ಬಸ್ಸಿನ್ಯಾಗ ಆ ಕ್ರಾಸ್ ದಾಟಿ ಹೋಗ್ತೀನಿ. ನಾ ಎಂದೂ ಹೋಗದ ದಾರಿ ಯಾವುದರೆ ಇದ್ರ, ಅಲ್ಲಿ ಇಟ್ಟು ಬರ್ರಿ’ ಅಂದ್ರಿ. ನಾ ಮುದ್ದೇಬಿಹಾಳದ ಒಳದಾರಿ ಅಂದೆ. ಎಲ್ಲಿ ಅಂತ ಹೇಳಾಕ ಬಂದ್ರ ನೀವು ಕೈ ಮಾಡಿ, ಬ್ಯಾಡ ಅಂದು, ಅಲ್ಲಿ ಹೋಗಿ ಕುಂತ್ರಿ.”

ಅವನು ಕೈ ತೋರಿಸಿದ ಕಡೆ ಒಂದು ದೊಡ್ಡ ಬೇವಿನ ಗಿಡವಿತ್ತು. ಅದರ ನೆರಳಲ್ಲಿ ಎರಡು ಹಸಿ ಬೆಂಚುಗಳು ಒಣಗುತ್ತಿದ್ದವು.

ನಾಲ್ಕು ವರ್ಷ ನಾನು ಆ ಗಿಡವನ್ನು ಬೇರುಸಹಿತ ಕಿತ್ತು ಕ್ರಾಸಿಗೆ ಒಯ್ದು ನೆಟ್ಟುಕೊಂಡಿದ್ದೆ, ಅದರ ಕೆಳಗೆ ಹೆಂಡತಿಯ ಹೆಸರಿನ ಬೆಂಚನ್ನಿಟ್ಟು ಒಳ್ಳೆಯ ಗಂಡನಾಗಿದ್ದೆ. ಗುರುಬಸಪ್ಪ ಹೇಳಿದ ಮಾತನ್ನು ಆಡಿದ ನೆನಪು ನನಗೆ ಇವತ್ತಿಗೂ ಇಲ್ಲ. ಬೇಕಿದ್ದರೆ ಅವನನ್ನೇ ಅನುಮಾನಿಸಬಹುದಿತ್ತು. ನನ್ನ ವಿದ್ಯೆಗೆ ಅದಕ್ಕೆ ಬೇಕಾದ ಯುಕ್ತಿಗಳೆಲ್ಲ ಗೊತ್ತು. ಆದರೆ ವರ್ಗವಾಗುವವರೆಗಿನ ಆ ಎರಡು ತಿಂಗಳು, ಬಸ್ಸು ಕ್ರಾಸಿಗೆ ಬರುವ ಮೊದಲೇ ನಾನು ಕಣ್ಣು ಮುಚ್ಚಿ, ಕಂಡಕ್ಟರ್ ಎರಡನೆಯ ಸಲ ಸೀಟಿ ಊದಿದ ಮೇಲೆ ತೆರೆಯುತ್ತಿದ್ದೆ. ಬೆಂಚು ಅಲ್ಲಿದೆಯೋ ಇಲ್ಲವೋ ಎಂದು ಒಮ್ಮೆಯೂ ನೋಡಿರಲಿಲ್ಲ. ಇದು ಮಾತ್ರ ಚೆನ್ನಾಗಿ ನೆನಪಿದೆ. ಅವಳು ಹತ್ತದ ಬಸ್ಸಿನಲ್ಲಿ ಕುಳಿತು, ಸಂಜೆ ಸಂಜೆಗೂ ಅವಳ ಹೆಸರನ್ನು ಕಿಟಕಿಯಿಂದ ಓದಿಕೊಂಡು ಮನೆಗೆ ಹೋಗಬೇಕಿದ್ದವನು, ಆ ಮಾತನ್ನು ಆಡಿಯೇ ಇರಬೇಕು.

ಮೇಧಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಯಾಕ ಅಪ್ಪಾ?” ಎಂದಳು.

“ದಿನಾ ನೋಡಬೇಕಾಗತಿತ್ತಲ್ಲ, ಅದಕ್ಕ.”

ಅವಳಿಗೆ ಹೇಳಿದ ಎಷ್ಟೋ ಮಾತುಗಳಲ್ಲಿ ಇದೊಂದನ್ನು ನಾನು ಸಿಂಗರಿಸಿರಲಿಲ್ಲ. ಅವಳು ನನ್ನ ಮುಖವನ್ನು ನೋಡಿದಳು, ಎಂದಿನ ತಾಳೆ ನೋಡುವ ಕಣ್ಣಿನಿಂದ. ಆಮೇಲೆ ಗುರುಬಸಪ್ಪನ ಕಡೆ ತಿರುಗಿ, “ಆ ದಾರಿ ಹೆಂಗ ಹೋಗ್ತದ್ರಿ?” ಎಂದು ಕೇಳಿದಳು. ಅಷ್ಟರಲ್ಲಿ ಶ್ರೀಪಾದ ಸಿಂಹವೊಂದರ ಬಾಯಲ್ಲಿ ‘ತಿನ್ನು’ ಎಂದು ತನ್ನದೊಂದು ಲಿಂಬೆಹಣ್ಣನ್ನು ಇಟ್ಟು ಬಂದಿದ್ದ.

ಒಳದಾರಿ ಚಿಕ್ಕದು. ಒಂದು ಹಳ್ಳ ದಾಟಿದ ಮೇಲೆ, ಮೂರು ದಾರಿ ಕೂಡುವಲ್ಲಿ, ಯಾರೋ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ್ದರು. ಅದರ ಕೆಳಗೆ ಒಂದು ಬೆಂಚು. ಬೆಂಚಿನ ನಡುವೆ ಗಂಟು ಪಕ್ಕಕ್ಕಿಟ್ಟುಕೊಂಡು ಒಬ್ಬ ಮುದುಕಿ ಹಾಯಾಗಿ ಒರಗಿದ್ದಳು. ಹೆಸರು ಕಾಣುತ್ತಿರಲಿಲ್ಲ. ಕಾರು ನಿಲ್ಲಿಸಿ ಇಳಿದು, ಏಳಿ ಎಂದು ಹೇಳುವುದು ಹೇಗೆಂದು ತಿಳಿಯದೆ, ಇದು ಯಾವ ಸ್ಟಾಪು ಎಂದು ಕೇಳಿದೆ.

“ಇಂದುಮತಿ ರೀ.”

ಮೇಧಾ ಮುಂದೆ ಬಂದು, “ಇಂದುಮತಿ ಅಂದ್ರ ಯಾರ್ರಿ?” ಎಂದಳು.

“ಯಾರಂದ್ರ? ಸ್ಟಾಪವಾ ಅದು. ಮೊದಲ ಈ ಜಾಗಾಕ್ಕ ಹೆಸರಽ ಇರಲಿಲ್ಲ. ಹಳ್ಳದ ಕಡೆ ಇಳಸೋ ಯಪ್ಪಾ ಅಂದ್ರ ಆ ಕಂಡಕ್ಟರ್ ಭಾಡ್ಯಾ ಒಮ್ಮಿ ಈಚಿ ದಂಡಿಗಿ, ಒಮ್ಮಿ ಆಚಿ ದಂಡಿಗಿ ಇಳಸತಿದ್ದ. ಬೆಂಚ ಬಂತು ನೋಡು, ಆವತ್ತಿಂದ ಇಂದುಮತಿ. ಟಿಕೀಟ ಕೇಳಬೇಕಾದ್ರೂ ಒಂದ ಇಂದುಮತಿ ಕೊಡು ಅಂತೇವಿ. ನಮ್ಮ ಸೊಸಿ ಫೋನಿನ್ಯಾಗ, ಅತ್ತಿ ಎಲ್ಲೀರಿ ಅಂತಾಳ. ಇಂದುಮತಿ ಕಡೆ ಕುಂತೇನವಾ, ಅಂತೇನಿ.”

“ಇಂದುಮತಿ ನಮ್ಮ ಆಯಿ,” ಎಂದಳು ಮೇಧಾ. ಮುದುಕಿಗೆ ತಿಳಿಯಲಿಲ್ಲವೆಂದು, “ಅವ್ವ,” ಎಂದು ಸೇರಿಸಿದಳು.

ಮುದುಕಿ ಅವಳನ್ನು, ಶ್ರೀಪಾದನನ್ನು, ಕೊನೆಗೆ ನನ್ನನ್ನು ನೋಡಿದಳು. ಸಿಂದಗಿಯಲ್ಲಿ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನು ಇವಳು ಕೇಳಲಿಲ್ಲ. ಬೆಂಚಿನ ಮೇಲೆ ಹೆಸರು ಯಾವಾಗ ಬರೆಯುತ್ತಾರೆಂದು ಎಲ್ಲರಿಗೂ ಗೊತ್ತು. ಗಂಟನ್ನು ಎತ್ತಿ ಕೆಳಗಿಟ್ಟಳು.

“ಅಯ್ಯ ನನ ಕೂಸ, ಮತ್ತ ನಿಂತೀರ್ಯಾಕ? ಬರ್ರಿ, ಕುಂದರ್ರಿ. ನಿಮ್ಮವ್ವಂದಽ ಬೆಂಚ.”

ಅವಳು ಎಡಕ್ಕೆ ಸರಿಯುವಾಗ, ಮಕ್ಕಳು ಕೂಡುವ ಮೊದಲು, ಒಂದು ಗಳಿಗೆ ಹೆಸರು ಕಂಡಿತು. ಅದಕ್ಕೆ ಬಳಿಸಿದ್ದ ಹಸಿರು ಬಣ್ಣ ಪೂರ್ತಿ ಹೋಗಿತ್ತು. ಅಕ್ಷರಗಳ ಮೇಲ್ಮೈ ಎಷ್ಟು ಜನರ ಬೆನ್ನಿಗೆ ತಿಕ್ಕಿ ತಿಕ್ಕಿಯೋ, ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಶ್ರೀಪಾದ ಬೆರಳಿಟ್ಟು ‘ಇಂ, ದು, ಮ, ತಿ’ ಎಂದು ಓದಿ, ಒಂದೂ ಒತ್ತಕ್ಷರವಿಲ್ಲವೆಂದು ಸಂತೋಷಪಟ್ಟು, ಹತ್ತಿ ಕುಳಿತು ಕಾಲು ಬೀಸತೊಡಗಿದ. ನಾನು ಫೋನು ತೆಗೆದು, ಮೇಧಾಳ ಶಾಲೆಗೆ ಸಾಕ್ಷಿಯಾಗಲೆಂದು, ಇಬ್ಬರೂ ಸ್ವಲ್ಪ ಆಚೀಚೆ ಸರಿದರೆ ಹೆಸರು ಬರುತ್ತದೆ ಎಂದೆ.

“ಇರಲಿ,” ಎಂದಳು ಮೇಧಾ. “ಹಿಂಗಽ ತೆಗಿ.”

ಹಾಗೆಯೇ ತೆಗೆದೆ. ಆ ಚಿತ್ರದಲ್ಲಿ ಇಬ್ಬರು ಮಕ್ಕಳೂ ಒಬ್ಬ ಮುದುಕಿಯೂ ಇದ್ದಾರೆ, ಅಕ್ಷರ ಒಂದೂ ಇಲ್ಲ. ಪಕ್ಕದ ಹುಡುಗಿಗೆ ಅದರಿಂದ ಏನೂ ಸಾಬೀತಾಗಲಾರದು.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಇಂದುಮತಿ! ಯಾರ್ರಿ ಇಂದುಮತಿ, ಲಗೂ ಇಳೀರಿ!” ಎಂದು ಕೂಗಿದ. ಇಬ್ಬರು ಇಳಿದು, ನಮ್ಮ ಕಡೆ ನೋಡದೆ, ತೊಗರಿಯ ಹೊಲದ ನಡುವಿನ ಕಾಲುದಾರಿ ಹಿಡಿದರು. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಕರೆದಿರಲಿಲ್ಲ. ಇಲ್ಲಿ ದಿನಕ್ಕೆ ಎಷ್ಟು ಬಸ್ಸೋ ಅಷ್ಟು ಸಲ ಕರೆಯುತ್ತಿದ್ದರು. ಮುದುಕಿ ಶ್ರೀಪಾದನ ತಲೆ ಸವರಿ, ಗಂಟು ಎತ್ತಿಕೊಂಡು ಹತ್ತಿದಳು. ಕಂಡಕ್ಟರ್ ನಮ್ಮನ್ನು ನೋಡಿ, “ಬರಾಂಗಿಲ್ಲೇನ್ರಿ?” ಎಂದ.

“ಇಲ್ರಿ,” ಎಂದಳು ಮೇಧಾ, “ನಾವು ಇಲ್ಲಿಗೇ ಬಂದೀವಿ.”

ಬಸ್ಸು ಹೋಯಿತು. ಧೂಳು ಇಳಿಯಿತು. ಮುದುಕಿ ಎದ್ದ ಜಾಗ ಖಾಲಿಯಿತ್ತು. ಶ್ರೀಪಾದ ಅದರ ಮೇಲೆ ಕಿಸೆಯಲ್ಲಿ ಉಳಿದಿದ್ದ ಲಿಂಬೆಹಣ್ಣೊಂದನ್ನು ಇಟ್ಟು, ಕರವಸ್ತ್ರ ಹಾಸಿ ಸೀಟು ಹಿಡಿದವನಂತೆ ನನ್ನನ್ನು ಕರೆದ. ಈ ರೂಢಿಯನ್ನು ಅವನಿಗೆ ಯಾವಾಗ ಹೇಳಿದ್ದೆನೋ ನೆನಪಿಲ್ಲ. ಮಕ್ಕಳು ನಡುವೆ ಜಾಗ ಬಿಟ್ಟು ಸರಿದರು, ಹೋಗಿ ಅಲ್ಲಿ ಕುಳಿತೆ. ಒರಗಿದೆ. ಬೆಂಚು ಬಿಸಿಲು ಹೀರಿ ಬೆಚ್ಚಗಿತ್ತು. ಇಸ್ತ್ರಿ ಮಾಡಿದ ಅಂಗಿಯ ಮೂಲಕ ಅಕ್ಷರಗಳು ಬೆನ್ನಿಗೆ ಒತ್ತಿದವು, ಮೊದಲು ಯಾವುದು ಯಾವುದೆಂದು ತಿಳಿಯದಂತೆ, ಆಮೇಲೆ ಒಂದೊಂದಾಗಿ. ಅಂಗಿಯ ಮೇಲೆ ಗುರುತು ಬಿದ್ದಿದೆಯೇ ನೋಡು ಎಂದು ಮೇಧಾಳಿಗೆ ಹೇಳಬೇಕೆನಿಸಿತು. ಆದರೆ ಅದಕ್ಕೆ ನಾನು ಏಳಬೇಕಾಗುತ್ತಿತ್ತು.